ಗ್ರಹವೊಂದರ ಪಕ್ಕದಲ್ಲಿ ಹಾದುಹೋದ ಮಾತ್ರಕ್ಕೆ ನೌಕೆಯ ವೇಗ ಹೆಚ್ಚುವುದು ಹೇಗೆ?

ನಾಪೋಕ್ಲು_ತೋಟಗಾರ · ಶನಿವಾರ, ರಾತ್ರಿ 8:10

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ಹೊಳೆಯದೆ ಮೂರು ದಿನಗಳಾದವು. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಗುರುಗ್ರಹದ ಬಳಿ ಹಾದು, ಅದರ ಗುರುತ್ವದ ನೆರವಿನಿಂದ ವೇಗ ಹೆಚ್ಚಿಸಿಕೊಂಡು ಶನಿಯ ಕಡೆಗೆ ಸಾಗಿದವು ಎಂದು ಅವಳು ಎಲ್ಲಿಯೋ ಓದಿದ್ದಾಳೆ. ಅವಳ ತಕರಾರು ಇಷ್ಟು. ನಮ್ಮ ಮನೆಯಿಂದ ಗದ್ದೆ ಬಯಲಿಗೆ ಸೈಕಲ್ಲಿನಲ್ಲಿ ಇಳಿದರೆ ಪೆಡಲ್ ತುಳಿಯದೆಯೇ ಒಳ್ಳೆಯ ವೇಗ ಸಿಗುತ್ತದೆ, ಆದರೆ ಬಯಲು ದಾಟಿ ಎದುರಿನ ಬರೆ ಹತ್ತುವಾಗ ಆ ವೇಗವೆಲ್ಲ ಕರಗಿ, ಮೇಲೆ ತಲುಪುವ ಮೊದಲೇ ಇಳಿದು ತಳ್ಳಬೇಕಾಗುತ್ತದೆ. ಗ್ರಹದ ಕಡೆಗೆ ಬೀಳುವಾಗ ನೌಕೆ ಗಳಿಸಿದ ವೇಗವನ್ನೂ ಅದೇ ಗ್ರಹವು ನೌಕೆ ದೂರ ಸರಿಯುವಾಗ ಹಿಂದಕ್ಕೆ ಕಿತ್ತುಕೊಳ್ಳಬೇಕಲ್ಲವೇ? ಹಾಗಾದರೆ ಲಾಭ ಎಲ್ಲಿಂದ ಬಂತು?

ನನಗೂ ಇದು ನ್ಯಾಯವಾದ ಪ್ರಶ್ನೆಯೆಂದೇ ತೋರುತ್ತದೆ. ಎರಡು ದಿನಗಳಿಂದ ಇಲ್ಲಿ ಮಳೆ ಬಿಟ್ಟಿಲ್ಲ. ಕರೆಂಟ್ ಬಂದಾಗಲೆಲ್ಲ ತಮ್ಮ ಉತ್ತರಗಳನ್ನು ಓದುತ್ತೇನೆ.

ಗೋಣಿಕೊಪ್ಪದ_ಹಾಕಿ · ಶನಿವಾರ, ರಾತ್ರಿ 8:42

ಕೊಡಗಿನವರಿಗೆ ಇದನ್ನು ಹಾಕಿ ಮೈದಾನದಲ್ಲೇ ನಿಂತು ವಿವರಿಸಬಹುದು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಉರುಳಿ ಬರುವ ಚೆಂಡಿಗೆ ನೀವು ಸ್ಟಿಕ್ಕನ್ನು ಸುಮ್ಮನೆ ಅಡ್ಡ ಹಿಡಿದರೆ ಅದು ಹೆಚ್ಚೆಂದರೆ ಅದೇ 10ರ ವೇಗದಲ್ಲಿ ಹಿಂದಿರುಗುತ್ತದೆ. ಅದೇ ಸ್ಟಿಕ್ಕನ್ನು 5ರ ವೇಗದಲ್ಲಿ ಮುಂದಕ್ಕೆ ಬೀಸುತ್ತಿದ್ದರೆ, ಸ್ಟಿಕ್ಕಿನ ಕಣ್ಣಿಗೆ ಚೆಂಡು 15ರಲ್ಲಿ ಬಂದು 15ರಲ್ಲಿ ಹೋಗುತ್ತದೆ. ಮೈದಾನದ ಅಂಚಿನಲ್ಲಿ ಕುಳಿತ ನಮ್ಮ ಕಣ್ಣಿಗೆ ಅದು 20ರ ವೇಗ. ಗ್ರಹವೂ ಸುಮ್ಮನೆ ನಿಂತಿಲ್ಲ, ಸೂರ್ಯನ ಸುತ್ತ ಓಡುತ್ತಿದೆ. ಚಲಿಸುತ್ತಿರುವ ಆ ಗ್ರಹವೇ ಇಲ್ಲಿ ಸ್ಟಿಕ್ಕು.

ಕುಶಾಲನಗರ_ಅನುಮಾನ · ಶನಿವಾರ, ರಾತ್ರಿ 9:05

ಹೋಲಿಕೆ ಕೇಳಲು ಚೆನ್ನಾಗಿದೆ. ಆದರೆ ಸ್ಟಿಕ್ಕು ಚೆಂಡನ್ನು ಮುಟ್ಟುತ್ತದೆ, ಗ್ರಹವು ನೌಕೆಯನ್ನು ಮುಟ್ಟುವುದಿಲ್ಲ. ಸ್ಟಿಕ್ಕು ಚೆಂಡನ್ನು ತಳ್ಳುತ್ತದೆ, ಗುರುತ್ವ ಎಳೆಯುತ್ತದೆ. ಎಳೆಯುವ ವಸ್ತುವಿಗೆ ಹೊಡೆಯುವ ವಸ್ತುವಿನ ಹೋಲಿಕೆ ಕೊಟ್ಟರೆ ಒಪ್ಪುವುದು ಹೇಗೆ? ಮೇಲಾಗಿ, ಇಂಧನ ಸುಡದೆ ಬಂದ ಶಕ್ತಿಗೆ ಯಾರಾದರೂ ಬೆಲೆ ತೆತ್ತಿರಲೇಬೇಕು. ಅದು ಯಾರು ಎಂಬುದನ್ನೂ ಹೇಳಿ.

ವಿರಾಜಪೇಟೆ_ಗಣಿತಮೇಷ್ಟ್ರು · ಭಾನುವಾರ, ಬೆಳಿಗ್ಗೆ 6:30

ತೋಟಗಾರರೇ, ನಿಮ್ಮ ಮಗಳ ಸೈಕಲ್ಲಿನ ಲೆಕ್ಕ ಪೂರ್ತಿ ಸರಿ. ಗುರುಗ್ರಹದ ಮೇಲೆ ಕುಳಿತು ನೋಡುವವನಿಗೆ ನಡೆಯುವುದು ಅವಳು ಹೇಳಿದ್ದೇ: ನೌಕೆ ದೂರದಿಂದ ಒಂದು ವೇಗದಲ್ಲಿ ಬರುತ್ತದೆ, ಹತ್ತಿರವಾದಂತೆ ವೇಗ ಏರುತ್ತದೆ, ದೂರವಾದಂತೆ ಇಳಿಯುತ್ತದೆ, ಕೊನೆಗೆ ಬಂದಷ್ಟೇ ವೇಗದಲ್ಲಿ ಹೊರಟುಹೋಗುತ್ತದೆ. ಒಂದು ಪೈಸೆಯ ಲಾಭವೂ ಇಲ್ಲ. ಅವನ ಕಣ್ಣಿಗೆ ಬದಲಾಗುವುದು ನೌಕೆಯ ದಿಕ್ಕು ಮಾತ್ರ.

ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ‘ಜವ’ ಮತ್ತು ‘ವೇಗ’ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ಮಕ್ಕಳು ಪರೀಕ್ಷೆಯ ಮರುದಿನವೇ ಮರೆಯುತ್ತಿದ್ದರು. ಎಷ್ಟು ಎಂಬುದು ಜವ, ಎಷ್ಟು ಮತ್ತು ಎತ್ತ ಎಂಬುದು ವೇಗ. ಗ್ರಹದ ಮೇಲಿನಿಂದ ನೋಡಿದರೆ ಜವ ಬದಲಾಗುವುದಿಲ್ಲ, ವೇಗ ಬದಲಾಗುತ್ತದೆ. ಸೂರ್ಯನ ಬಳಿ ನಿಂತು ನೋಡಿದರೆ ಎರಡೂ ಬದಲಾಗುತ್ತವೆ. ಈ ಚರ್ಚೆಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಅನುಮಾನದವರು ಕೇಳಿದ ಎಳೆತಕ್ಕೆ ಬೇರೊಂದು ಚಿತ್ರ ಕೊಡುತ್ತೇನೆ. ಕಾಫಿ ಕಣದ ಮೂಲೆಯಲ್ಲಿ ಟಾರ್ಪಾಲು ಕಟ್ಟಲು ನೆಟ್ಟ ಕಬ್ಬಿಣದ ಕಂಬವಿರುತ್ತದೆ. ಓಡಿಬಂದ ಹುಡುಗ ಆ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಅರ್ಧ ಸುತ್ತು ತಿರುಗಿ, ಕೈಬಿಟ್ಟರೆ ಬಂದ ಜವದಲ್ಲೇ ಬೇರೊಂದು ದಿಕ್ಕಿಗೆ ಓಡುತ್ತಾನೆ. ಕಂಬ ಅವನನ್ನು ತಳ್ಳಲಿಲ್ಲ, ತೋಳಿನ ಮೂಲಕ ಎಳೆದು ತಿರುಗಿಸಿತು. ಈಗ ಆ ಕಂಬವನ್ನು ಕಣದಲ್ಲಿ ನಿಧಾನವಾಗಿ ಸಾಗುತ್ತಿರುವ ಟ್ರ್ಯಾಕ್ಟರಿನ ಹಿಂದೆ ನಿಲ್ಲಿಸಿದ್ದೇವೆಂದು ಊಹಿಸಿಕೊಳ್ಳಿ. ಹುಡುಗ ಅದನ್ನು ಹಿಡಿದು ತಿರುಗಿ, ಟ್ರ್ಯಾಕ್ಟರ್ ಹೋಗುವ ದಿಕ್ಕಿಗೇ ಕೈಬಿಟ್ಟರೆ, ಟ್ರ್ಯಾಕ್ಟರಿನ ಓಟವೂ ಅವನ ಓಟಕ್ಕೆ ಸೇರಿಕೊಳ್ಳುತ್ತದೆ. (ಯಾರೂ ಮಕ್ಕಳಿಂದ ಇದನ್ನು ಮಾಡಿಸಿ ನೋಡಬಾರದು.) ಗುರುತ್ವವು ಇಲ್ಲಿ ತೋಳಿನ ಕೆಲಸ ಮಾಡುತ್ತದೆ, ಶಕ್ತಿ ಬರುವುದು ಟ್ರ್ಯಾಕ್ಟರಿನಿಂದ, ಅಂದರೆ ಸೂರ್ಯನ ಸುತ್ತ ಗ್ರಹವು ಓಡುತ್ತಿರುವ ಓಟದಿಂದ.

ಅಂಕಿಗಳಿಲ್ಲದೆ ನನಗೆ ಸಮಾಧಾನವಿಲ್ಲ. ಗುರುಗ್ರಹವು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 13 ಕಿ.ಮೀ. ಜವದಲ್ಲಿ ಸಾಗುತ್ತದೆ. ನಮ್ಮ ನೌಕೆ ಅಲ್ಲಿಗೆ ತಲುಪುವಾಗ ಗುರು ಸಾಗುವ ದಿಕ್ಕಿನಲ್ಲಿ 7, ಸೂರ್ಯನಿಂದ ಹೊರಮುಖವಾಗಿ 8 ಕಿ.ಮೀ. ವೇಗ ಹೊಂದಿದೆ ಎಂದುಕೊಳ್ಳೋಣ. ಪೈಥಾಗೊರಸ್ ಪ್ರಮೇಯದಂತೆ ಸೂರ್ಯನ ಲೆಕ್ಕದಲ್ಲಿ ಅದರ ಜವ 10.6. ಗುರುವಿನ ಲೆಕ್ಕಕ್ಕೆ ಬರಲು ಮೊದಲ ಅಂಕಿಯಿಂದ 13ನ್ನು ಕಳೆಯಬೇಕು: ಋಣ 6 ಮತ್ತು 8, ಒಟ್ಟು ಜವ ನಿಖರವಾಗಿ 10. ಗುರುವಿನ ಎಳೆತವು ಈ ವೇಗವನ್ನು 90 ಡಿಗ್ರಿ ತಿರುಗಿಸಿದರೆ ಅದು 8 ಮತ್ತು 6 ಆಗುತ್ತದೆ, ಜವ ಈಗಲೂ 10. ಸೂರ್ಯನ ಲೆಕ್ಕಕ್ಕೆ ಮರಳಲು 13ನ್ನು ಮತ್ತೆ ಕೂಡಿ: 21 ಮತ್ತು 6. ಒಟ್ಟು ಜವ 21.8!

10.6 ಕಿ.ಮೀ.ಗಳಲ್ಲಿ ಬಂದದ್ದು 21.8ರಲ್ಲಿ ಹೋಯಿತು. ಗುರುವಿನಷ್ಟು ದೂರದಲ್ಲಿ ಸೂರ್ಯನ ಹಿಡಿತದಿಂದ ಪೂರ್ತಿ ತಪ್ಪಿಸಿಕೊಳ್ಳಲು ಬೇಕಾದ ವಿಮೋಚನಾ ವೇಗ ಸುಮಾರು 18.5. ಅಂದರೆ ಈ ನೌಕೆ ಇನ್ನು ಎಂದಿಗೂ ಮರಳುವುದಿಲ್ಲ.

ಇನ್ನು ಬೆಲೆ ತೆತ್ತವರ ವಿಚಾರ. ಬೆಲೆ ತೆತ್ತದ್ದು ಗುರುಗ್ರಹ. ನೌಕೆ ಮುಂದಕ್ಕೆ ಪಡೆದ ಸಂವೇಗದಷ್ಟನ್ನೇ ಗುರು ಕಳೆದುಕೊಂಡಿತು. ಆದರೆ ನೌಕೆಯ ದ್ರವ್ಯರಾಶಿ 800 ಕಿಲೋಗ್ರಾಂ ಎಂದುಕೊಂಡರೆ, ಗುರುವಿನದು 19ರ ಮುಂದೆ 26 ಸೊನ್ನೆ ಹಾಕಿದಷ್ಟು ಕಿಲೋಗ್ರಾಂ. ನಾನು ಹಾಳೆಯ ಮೇಲೆ ಲೆಕ್ಕ ಹಾಕಿ ನೋಡಿದೆ: ಗುರುವಿನ ಜವದಲ್ಲಾದ ಕೊರತೆ ಹಾಗೆಯೇ ಉಳಿಯಿತೆಂದು ಇಟ್ಟುಕೊಂಡರೂ, ನೂರು ಕೋಟಿ ವರ್ಷಗಳಲ್ಲಿ ಅದು ಹಿಂದೆ ಬೀಳುವುದು ಒಂದು ಮಿಲಿಮೀಟರಿನ ಐದನೇ ಒಂದು ಪಾಲು.

ಕುಶಾಲನಗರ_ಅನುಮಾನ · ಭಾನುವಾರ, ಬೆಳಿಗ್ಗೆ 7:15

ಒಪ್ಪಿದೆ ಮೇಷ್ಟ್ರೇ. ಐದನೇ ಒಂದು ಪಾಲು ಮಿಲಿಮೀಟರಿಗೆ ತಕರಾರು ತೆಗೆಯುವುದಿಲ್ಲ.

ತೋಟಗಾರರ_ಮಗಳು · ಭಾನುವಾರ, ಬೆಳಿಗ್ಗೆ 9:20

ಸರ್, ಅಪ್ಪನ ಫೋನಿನಲ್ಲಿ ಓದಿ ನನ್ನದೇ ಖಾತೆ ತೆರೆದಿದ್ದೇನೆ. 90 ಡಿಗ್ರಿ ತಿರುಗುವ ಲೆಕ್ಕ ಅರ್ಥವಾಯಿತು. ಎರಡು ಸಂದೇಹಗಳಿವೆ. ಮೊದಲನೆಯದು, ಹಾಕಿ ಸ್ಟಿಕ್ಕಿನ ಹೋಲಿಕೆಯಂತೆ ನೋಡಿದರೆ ನೌಕೆಯು ಗುರುವಿನ ಮುಂಭಾಗದಲ್ಲಿ ಹಾದುಹೋಗಬೇಕು, ಏಕೆಂದರೆ ಬೀಸಿದ ಸ್ಟಿಕ್ಕಿನ ಮುಂದೆ ಇದ್ದರೆ ತಾನೇ ಏಟು ಬೀಳುವುದು. ನಾನು ಹಾಗೆಯೇ ಚಿತ್ರ ಬರೆದೆ, ಆದರೆ ಬಾಣದ ಗುರುತುಗಳು ನಿಮ್ಮ ಉತ್ತರಕ್ಕೆ ಹೊಂದುತ್ತಿಲ್ಲ. ಎರಡನೆಯದು, ಗುರುವಿಗಿಂತ ಸೂರ್ಯನ ಗುರುತ್ವ ಬಹಳ ದೊಡ್ಡದು. ಹಾಗಾದರೆ ಸೂರ್ಯನನ್ನೇ ಕಂಬ ಮಾಡಿಕೊಳ್ಳಬಾರದೇ?

ಸೋಮವಾರಪೇಟೆ_ಇಂಜಿನಿಯರ್ · ಭಾನುವಾರ, ಬೆಳಿಗ್ಗೆ 11:02

ಮೇಷ್ಟ್ರು ಬರುವವರೆಗೆ ನಾನು ಉತ್ತರಿಸುತ್ತೇನೆ. ಮೊದಲ ಸಂದೇಹ ಬಹಳ ಚೆನ್ನಾಗಿದೆ ತಂಗಿ. ಹಾಕಿಯ ಹೋಲಿಕೆ ದಾರಿ ತಪ್ಪಿಸುವುದು ಇಲ್ಲಿಯೇ, ಅನುಮಾನದವರು ನಿನ್ನೆ ಎತ್ತಿದ ಆಕ್ಷೇಪಣೆಗೂ ಇಲ್ಲಿಯೇ ಬೆಲೆ ಇದೆ. ಗುರುತ್ವ ಎಳೆಯುವುದರಿಂದ ನೌಕೆಯು ಗ್ರಹದ ಹಿಂದಿನಿಂದ, ಅಂದರೆ ಗ್ರಹ ಬಿಟ್ಟು ಬಂದ ಜಾಗವನ್ನು ದಾಟಿ ಹೋಗಬೇಕು. ಆಗ ಮುಂದೆ ಸಾಗುತ್ತಿರುವ ಗ್ರಹವು ನೌಕೆಯನ್ನು ತನ್ನ ಜೊತೆಗೆ ಮುಂದಕ್ಕೆ ಎಳೆದುಕೊಳ್ಳುತ್ತದೆ, ನೌಕೆಯು ಗ್ರಹವನ್ನು ಎಳ್ಳಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಹಿಂದಕ್ಕೆ ಎಳೆಯುತ್ತದೆ. ಗ್ರಹದ ಮುಂದಿನಿಂದ ಅಡ್ಡ ಹಾದರೆ ಎಲ್ಲವೂ ತಿರುಗುಮುರುಗಾಗಿ ನೌಕೆಯ ವೇಗ ತಗ್ಗುತ್ತದೆ. ಚಿತ್ರವನ್ನು ಮತ್ತೆ ಬರೆದರೆ ಬಾಣಗಳು ಹೊಂದುತ್ತವೆ.

ಸೂರ್ಯನ ವಿಚಾರಕ್ಕೆ ಮೇಷ್ಟ್ರ ಕಂಬವೇ ಸಾಕು. ನಾವು ಸೌರವ್ಯೂಹದ ಒಳಗೆ ಓಡಾಡುವವರು, ಸೂರ್ಯನೇ ನಮಗೆ ಕಣದಲ್ಲಿ ನೆಟ್ಟ ಕಂಬ. ಅವನನ್ನು ಸುತ್ತಿಬಂದರೆ ದಿಕ್ಕು ಬದಲಾಗುತ್ತದೆಯೇ ಹೊರತು ಅವನ ಲೆಕ್ಕದಲ್ಲಿ ಜವ ಬದಲಾಗುವುದಿಲ್ಲ. ಬೇರೊಂದು ನಕ್ಷತ್ರದಿಂದ ಬಂದವರಿಗಾದರೆ ಸೂರ್ಯನೂ ಚಲಿಸುವ ಟ್ರ್ಯಾಕ್ಟರೇ.

ಕಂಬ ಎಷ್ಟು ಗಟ್ಟಿ ಎಂಬುದೂ ಮುಖ್ಯ. ಸೆಕೆಂಡಿಗೆ 10 ಕಿ.ಮೀ. ಸಾಪೇಕ್ಷ ಜವದಲ್ಲಿ ಬರುವ ನೌಕೆಯನ್ನು ಗುರುಗ್ರಹವು ತನ್ನ ಕೇಂದ್ರದಿಂದ 3.5 ಲಕ್ಷ ಕಿ.ಮೀ. ದೂರದಲ್ಲಿ ಹಾದರೂ ಸುಮಾರು 103 ಡಿಗ್ರಿ ತಿರುಗಿಸಿಬಿಡುತ್ತದೆ. ಅದೇ ನೌಕೆ ಮಂಗಳನ ನೆಲದಿಂದ ಬರೀ 250 ಕಿ.ಮೀ. ಎತ್ತರದಲ್ಲಿ ಹಾದರೂ ತಿರುಗುವುದು 12 ಡಿಗ್ರಿಯಷ್ಟೇ. ಇನ್ನೂ ವೇಗವಾಗಿ ಬಂದರೆ ಇನ್ನೂ ಕಡಿಮೆ, ಏಕೆಂದರೆ ಎಳೆಯಲು ಗ್ರಹಕ್ಕೆ ಸಿಗುವ ಸಮಯವೇ ಕಡಿಮೆ. ಹಾಗೆಂದು ಮಂಗಳ ನಿಷ್ಪ್ರಯೋಜಕವೇನಲ್ಲ. ಯುರೋಪಿನ ರೊಸೆಟ್ಟಾ ನೌಕೆ 2007ರ ಫೆಬ್ರವರಿಯಲ್ಲಿ ಸರಿಯಾಗಿ ಅಷ್ಟೇ ಎತ್ತರದಲ್ಲಿ ಮಂಗಳನನ್ನು ಹಾದುಹೋಯಿತು. ಸೂರ್ಯನ ಬೆಳಕಿನಿಂದಲೇ ವಿದ್ಯುತ್ ಪಡೆಯುವ ಆ ನೌಕೆ ಸುಮಾರು 25 ನಿಮಿಷ ಮಂಗಳನ ನೆರಳಿನಲ್ಲಿ ಬ್ಯಾಟರಿಯನ್ನೇ ನೆಚ್ಚಿಕೊಂಡು ಸಾಗಬೇಕಾಯಿತು.

ಸುಂಟಿಕೊಪ್ಪ_ರೇಡಿಯೋ · ಭಾನುವಾರ, ಮಧ್ಯಾಹ್ನ 2:35

ಇದು ಮನುಷ್ಯರು ಕಂಡುಹಿಡಿದ ತಂತ್ರವೆನ್ನುವುದಕ್ಕಿಂತ, ಧೂಮಕೇತುಗಳಿಂದ ಕಲಿತದ್ದು ಎನ್ನುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. 1770ರಲ್ಲಿ ಮೆಸ್ಸಿಯೇ ಎಂಬ ಖಗೋಳಜ್ಞ ಕಂಡ ಧೂಮಕೇತುವೊಂದರ ಕಕ್ಷೆಯನ್ನು ಲೆಕ್ಸೆಲ್ ಎಂಬ ಗಣಿತಜ್ಞ ಲೆಕ್ಕ ಹಾಕಿದಾಗ, ಅದು 1767ರಲ್ಲಿ ಗುರುಗ್ರಹದ ಬಳಿ ಹಾದದ್ದರಿಂದಲೇ ನಮ್ಮ ಕಡೆಗೆ ತಿರುಗಿತ್ತೆಂದು ತಿಳಿಯಿತು. 1779ರಲ್ಲಿ ಅದು ಮತ್ತೆ ಗುರುವಿನ ಕೈಗೆ ಸಿಕ್ಕಿತು. ಆ ಬಳಿಕ ಅದನ್ನು ಯಾರೂ ಕಾಣಲಿಲ್ಲ. ತಂದುಕೊಟ್ಟವನೇ ಕಿತ್ತೆಸೆದ.

ನೌಕೆಗಳಲ್ಲಿ ಮೊದಲು ನೆನೆಯಬೇಕಾದದ್ದು ಸೋವಿಯತ್ ಒಕ್ಕೂಟದ ಲೂನಾ 3. ಚಂದ್ರನ ಆಚೆ ಬದಿಯ ಚಿತ್ರಗಳನ್ನು ಮೊದಲು ತೆಗೆದ ಈ ನೌಕೆ 1959ರ ಅಕ್ಟೋಬರಿನಲ್ಲಿ ಚಂದ್ರನ ದಕ್ಷಿಣ ಭಾಗದ ಕೆಳಗೆ ಹಾದು, ಅದರ ಎಳೆತದಿಂದ ಮೇಲಕ್ಕೆ ಬಾಗಿ, ಭೂಮಿಯ ಉತ್ತರಾರ್ಧದ ಕಡೆಯಿಂದ ಮರಳಿತು. ಹಾಗೆ ಮಾಡಿದ್ದು ಚಿತ್ರಗಳ ರೇಡಿಯೋ ಸಂಕೇತಗಳು ಸೋವಿಯತ್ ನೆಲದ ಆಂಟೆನಾಗಳಿಗೆ ಸಿಗಲಿ ಎಂದು. ಇಲ್ಲಿ ಬೇಕಾಗಿದ್ದದ್ದು ಜವವಲ್ಲ, ದಿಕ್ಕು. ಹವ್ಯಾಸಿ ರೇಡಿಯೋದವನಾದ ನನಗೆ ಈ ಕಾರಣ ಬಹಳ ಇಷ್ಟ.

1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಮೈಕೆಲ್ ಮಿನೋವಿಚ್ ಎಂಬ ವಿದ್ಯಾರ್ಥಿ, ಬೇಸಿಗೆಯ ಕೆಲಸಕ್ಕೆಂದು ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಗೆ ಸೇರಿ, ಗ್ರಹದಿಂದ ಗ್ರಹಕ್ಕೆ ಜಿಗಿಯುವ ಹಾದಿಗಳನ್ನು ಆ ಕಾಲದ ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕತೊಡಗಿದ. 1965ರಲ್ಲಿ ಅದೇ ಸಂಸ್ಥೆಯಲ್ಲಿ ಗ್ಯಾರಿ ಫ್ಲ್ಯಾಂಡ್ರೊ, 1970ರ ದಶಕದ ಕೊನೆಯಲ್ಲಿ ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕೂ ಒಂದೇ ನೌಕೆಗೆ ಸಿಗುವಂತೆ ಸಾಲಾಗಿ ಒದಗಲಿವೆ ಎಂಬುದನ್ನು ಗುರುತಿಸಿದ. ಅಂಥ ಜೋಡಣೆ ಮರಳಿ ಬರುವುದು ಸುಮಾರು 175 ವರ್ಷಗಳಿಗೊಮ್ಮೆ.

ವಾಯೇಜರ್ 2ರ ದಿನಚರಿ ನನಗೆ ಬಾಯಿಪಾಠ: 1977ರ ಆಗಸ್ಟ್ 20ರಂದು ಉಡಾವಣೆ, 1979ರ ಜುಲೈಯಲ್ಲಿ ಗುರು, 1981ರ ಆಗಸ್ಟಿನಲ್ಲಿ ಶನಿ, 1986ರ ಜನವರಿಯಲ್ಲಿ ಯುರೇನಸ್, 1989ರ ಆಗಸ್ಟಿನಲ್ಲಿ ನೆಪ್ಚೂನ್. ನೇರವಾಗಿ ಹೋಗಿದ್ದರೆ ನೆಪ್ಚೂನಿಗೆ ಸುಮಾರು 30 ವರ್ಷ ಹಿಡಿಯಬಹುದಾಗಿದ್ದ ದಾರಿಯನ್ನು ಅದು 12 ವರ್ಷಗಳಲ್ಲಿ ಮುಗಿಸಿತು. ನೆಪ್ಚೂನಿನ ಬಳಿ ಮಾತ್ರ ಅದಕ್ಕೆ ಲಾಭವಾಗಲಿಲ್ಲ. ಟ್ರೈಟನ್ ಎಂಬ ಉಪಗ್ರಹವನ್ನು ಹತ್ತಿರದಿಂದ ನೋಡಲೆಂದು ನೆಪ್ಚೂನಿನ ಉತ್ತರ ಧ್ರುವದ ಮೇಲೆ, ಮೋಡಗಳಿಂದ 5,000 ಕಿ.ಮೀ.ಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ಹಾಯಿಸಿದ್ದರಿಂದ, ಸೂರ್ಯನ ಲೆಕ್ಕದಲ್ಲಿ ಅದರ ಜವ ತಗ್ಗಿ, ದಾರಿ ದಕ್ಷಿಣಕ್ಕೆ ಬಾಗಿತು. ಮುಂದೆ ಹೋಗಬೇಕಾದ ಗ್ರಹ ಯಾವುದೂ ಇರಲಿಲ್ಲವಾದ್ದರಿಂದ ಆ ನಷ್ಟವನ್ನು ಯಾರೂ ನಷ್ಟವೆಂದು ಬರೆದುಕೊಳ್ಳಲಿಲ್ಲ.

ನಾಪೋಕ್ಲು_ತೋಟಗಾರ · ಭಾನುವಾರ, ಸಂಜೆ 6:50

ಎಲ್ಲರಿಗೂ ಕೃತಜ್ಞತೆಗಳು. ಇಡೀ ಮಧ್ಯಾಹ್ನ ನಮ್ಮ ಊಟದ ಮೇಜಿನ ಮೇಲೆ ಕಿತ್ತಳೆಹಣ್ಣು ಗುರುಗ್ರಹವಾಗಿ, ಒಳ್ಳೆಮೆಣಸಿನ ಕಾಳು ನೌಕೆಯಾಗಿ ಓಡಾಡಿದವು. ಒಂದು ವಿಷಯ ಕೇಳಬೇಕಿತ್ತು. ನಮ್ಮ ಮಂಗಳಯಾನವೂ ಭೂಮಿಯ ಗುರುತ್ವವನ್ನೇ ಕವಣೆಯಂತೆ ಬಳಸಿಕೊಂಡು ಮಂಗಳನತ್ತ ಹೋಯಿತೆಂದು ಆಗ ಟಿವಿಯಲ್ಲಿ ಕೇಳಿದ ನೆನಪು. ಮೇಷ್ಟ್ರ ಲೆಕ್ಕದ ಪ್ರಕಾರ ಭೂಮಿಯನ್ನು ಸುತ್ತುತ್ತಿರುವ ನೌಕೆಗೆ ಭೂಮಿಯಿಂದ ಲಾಭ ಸಿಗಬಾರದಲ್ಲವೇ?

ಸೋಮವಾರಪೇಟೆ_ಇಂಜಿನಿಯರ್ · ಭಾನುವಾರ, ರಾತ್ರಿ 8:15

ಸರಿಯಾಗಿ ಹಿಡಿದಿರಿ ಸರ್. ಮಂಗಳಯಾನದಲ್ಲಿ ನಡೆದದ್ದು ಗುರುತ್ವದ ನೆರವಲ್ಲ. ಈ ತಪ್ಪನ್ನು ನಾನು ಕನ್ನಡ ಪತ್ರಿಕೆಗಳಲ್ಲಿಯೂ ಓದಿದ್ದೇನೆ, ಓದಿದಾಗಲೆಲ್ಲ ಸಣ್ಣಗೆ ಸಿಟ್ಟು ಬಂದಿದೆ. ಏಕೆಂದರೆ ಅಲ್ಲಿ ದುಡಿದದ್ದು ನೌಕೆಯ ಸ್ವಂತ ಎಂಜಿನ್, ಕೀರ್ತಿ ಮಾತ್ರ ಗುರುತ್ವಕ್ಕೆ ಹೋಯಿತು.

2013ರ ನವೆಂಬರ್ 5ರಂದು ಪಿಎಸ್‌ಎಲ್‌ವಿ ರಾಕೆಟ್ಟು ಅದನ್ನು ಭೂಮಿಯ ಸುತ್ತಲಿನ ಉದ್ದನೆಯ ದೀರ್ಘವೃತ್ತದ ಕಕ್ಷೆಯಲ್ಲಿ ಬಿಟ್ಟಿತು. ಆ ರಾಕೆಟ್ಟಿಗೆ ನೌಕೆಯನ್ನು ಒಂದೇ ಏಟಿಗೆ ಮಂಗಳನತ್ತ ಎಸೆಯುವ ಬಲವಿರಲಿಲ್ಲ. ಹಾಗಾಗಿ ನೌಕೆ ಭೂಮಿಗೆ ಅತಿ ಹತ್ತಿರ ಬಂದಾಗಲೆಲ್ಲ ತನ್ನ 440 ನ್ಯೂಟನ್ ಎಂಜಿನ್ನನ್ನು ಉರಿಸಿ, ಕಕ್ಷೆಯ ದೂರದ ತುದಿಯನ್ನು ಸುಮಾರು 1.92 ಲಕ್ಷ ಕಿ.ಮೀ.ವರೆಗೆ ಹಿಗ್ಗಿಸಿಕೊಂಡಿತು. ನವೆಂಬರ್ 11ರಂದು ಒಮ್ಮೆ ಬೇಕಾದಷ್ಟು ವೇಗ ಸಿಗದೆ ಮರುದಿನ ಆ ಕೊರತೆ ತುಂಬಿಕೊಳ್ಳಬೇಕಾಯಿತು. ಡಿಸೆಂಬರ್ 1ರ ನಡುರಾತ್ರಿ ಕಳೆದ ಮೇಲೆ ಸುಮಾರು 22 ನಿಮಿಷ ಎಂಜಿನ್ ಉರಿಸಿ ಭೂಮಿಯನ್ನು ಬಿಟ್ಟು ಹೊರಟಿತು. 2014ರ ಸೆಪ್ಟೆಂಬರ್ 24ರಂದು ಮಂಗಳನನ್ನು ಸೇರಿತು.

ಹತ್ತಿರ ಬಂದಾಗಲೇ ಏಕೆ ಉರಿಸಬೇಕು? ಅದಕ್ಕೂ ಲೆಕ್ಕವಿದೆ. ಸೆಕೆಂಡಿಗೆ 1 ಕಿ.ಮೀ. ಜವದಲ್ಲಿರುವಾಗ ಇನ್ನೊಂದು ಕಿ.ಮೀ. ಸೇರಿಸಿದರೆ ಚಲನ ಶಕ್ತಿಯಲ್ಲಿ ಆಗುವ ಹೆಚ್ಚಳ 2ರ ವರ್ಗದಿಂದ 1ರ ವರ್ಗ ಕಳೆದು ಅರ್ಧ ಮಾಡಿದಷ್ಟು, ಅಂದರೆ 1.5. ಅದೇ ಒಂದು ಕಿ.ಮೀ.ಯನ್ನು 10 ಕಿ.ಮೀ. ಜವದಲ್ಲಿರುವಾಗ ಸೇರಿಸಿದರೆ 121ರಿಂದ 100 ಕಳೆದು ಅರ್ಧ, ಅಂದರೆ 10.5. ಸುಟ್ಟ ಇಂಧನ ಒಂದೇ, ಫಲ ಏಳು ಪಟ್ಟು. ಇದನ್ನು ಓಬರ್ತ್ ಪರಿಣಾಮ ಎನ್ನುತ್ತಾರೆ. ಗುರುತ್ವದ ನೆರವು ಸಿಗಲು ಎಂಜಿನ್ ಉರಿಸಲೇಬೇಕಾಗಿಲ್ಲ. ಇಲ್ಲಿ ಉರಿಸದಿದ್ದರೆ ಏನೂ ಸಿಗುವುದಿಲ್ಲ.

ಕುಶಾಲನಗರ_ಅನುಮಾನ · ಭಾನುವಾರ, ರಾತ್ರಿ 8:40

ಹಾಗಾದರೆ ಅಮೆರಿಕದ ಜೂನೊ ನೌಕೆ ಭೂಮಿಯಿಂದ ಹೊರಟು ಎರಡು ವರ್ಷಗಳ ಬಳಿಕ ಮತ್ತೆ ಭೂಮಿಯ ಬಳಿಗೇ ಬಂದು ವೇಗ ಪಡೆದದ್ದು ಹೇಗೆ? ಮನೆಯಿಂದ ಹೊರಟವನು ಮನೆಗೇ ಬಂದು ದಾರಿಖರ್ಚು ಕೇಳಿದಂತಾಯಿತಲ್ಲ.

ಸೋಮವಾರಪೇಟೆ_ಇಂಜಿನಿಯರ್ · ಭಾನುವಾರ, ರಾತ್ರಿ 9:10

ಜೂನೊ ಭೂಮಿಯ ಸುತ್ತ ತಿರುಗುತ್ತಿರಲಿಲ್ಲ, ಸೂರ್ಯನ ಸುತ್ತ ತಿರುಗುತ್ತಿತ್ತು. ಬಿಟ್ಟ ಕಕ್ಷೆಯಲ್ಲೇ ಸುಮ್ಮನೆ ಮರಳಿದ್ದರೆ, ಹೊರಟಾಗಿನ ಸಾಪೇಕ್ಷ ಜವದಲ್ಲೇ ಭೂಮಿಯನ್ನು ಸಂಧಿಸಬೇಕಾಗುತ್ತಿತ್ತು, ಆಗ ಹೇಳಿಕೊಳ್ಳುವಂಥ ಲಾಭವಿರುತ್ತಿರಲಿಲ್ಲ. 2011ರ ಆಗಸ್ಟಿನಲ್ಲಿ ಹೊರಟ ಅದು 2012ರಲ್ಲಿ ಮಂಗಳನ ಕಕ್ಷೆಗೂ ಆಚೆ, ಸೂರ್ಯನಿಂದ ಬಹುದೂರದಲ್ಲಿ, ಎರಡು ಬಾರಿ ಎಂಜಿನ್ ಉರಿಸಿ ತನ್ನ ಕಕ್ಷೆಯನ್ನು ಬದಲಿಸಿಕೊಂಡಿತು. ಹಾಗಾಗಿ 2013ರ ಅಕ್ಟೋಬರಿನಲ್ಲಿ ಭೂಮಿಯ ದಾರಿಯನ್ನು ಬೇರೊಂದು ಕೋನದಲ್ಲಿ, ಹೆಚ್ಚಿನ ಸಾಪೇಕ್ಷ ಜವದಲ್ಲಿ ಅಡ್ಡ ಹಾದು, ಸೂರ್ಯನ ಲೆಕ್ಕದಲ್ಲಿ ಸೆಕೆಂಡಿಗೆ 7.3 ಕಿ.ಮೀ. ಗಳಿಸಿತು. ಮನೆಗೆ ಬಂದು ಕೇಳಿದ್ದು ನಿಜ, ಆದರೆ ಬೇರೆ ಬಾಗಿಲಿನಿಂದ ಬಂದು ಕೇಳಿತು.

ಶನಿಗೆ ಹೋದ ಕಸ್ಸಿನಿಯೂ ಇಂಥದ್ದೇ ಸುತ್ತುದಾರಿ ಹಿಡಿಯಿತು. 5,600 ಕಿಲೋಗ್ರಾಂ ತೂಕದ ಅದನ್ನು ನೇರವಾಗಿ ಶನಿಗೆ ಎಸೆಯುವ ರಾಕೆಟ್ಟು 1997ರಲ್ಲಿ ಇರಲಿಲ್ಲ. ಶುಕ್ರನನ್ನು ಎರಡು ಸಲ, ಭೂಮಿಯನ್ನೊಮ್ಮೆ, ಗುರುವನ್ನೊಮ್ಮೆ ಹಾದು 2004ರ ಜುಲೈಯಲ್ಲಿ ತಲುಪಿತು. ತಲುಪಿದ ಮೇಲೆ ಹದಿಮೂರು ವರ್ಷ ಶನಿಯ ಉಪಗ್ರಹ ಟೈಟನ್ನನ್ನೇ ಕಂಬವಾಗಿ ಹಿಡಿದು ನೂರಕ್ಕೂ ಹೆಚ್ಚು ಬಾರಿ ದಾರಿ ತಿರುಗಿಸಿಕೊಂಡಿತು. ಉಂಗುರಗಳನ್ನು ಮೇಲಿನಿಂದ ನೋಡಲು ಕಕ್ಷೆಯನ್ನು ಓರೆ ಮಾಡಿಕೊಂಡದ್ದು, ಉಳಿದ ಉಪಗ್ರಹಗಳ ಬಳಿಗೆ ಹೋದದ್ದು, ಎಲ್ಲಕ್ಕೂ ಟೈಟನ್ನೇ ಆಸರೆ. ಎಂಜಿನ್ನಿನಿಂದ ಅಷ್ಟೂ ತಿರುವುಗಳನ್ನು ಮಾಡಬೇಕಾಗಿದ್ದರೆ ಅದು ಹೊತ್ತೊಯ್ದ ಇಂಧನ ಎಲ್ಲಿಗೂ ಸಾಲುತ್ತಿರಲಿಲ್ಲ.

ಗೋಣಿಕೊಪ್ಪದ_ಹಾಕಿ · ಸೋಮವಾರ, ಬೆಳಿಗ್ಗೆ 7:00

ನನ್ನ ಸ್ಟಿಕ್ಕಿನ ಹೋಲಿಕೆಯನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಕಂಬವೇ ಮೇಲು ಎಂದು ಒಪ್ಪುತ್ತೇನೆ. ವೇಗ ತಗ್ಗಿಸುವುದರಿಂದ ಯಾರಿಗೇನು ಪ್ರಯೋಜನ?

ಸುಂಟಿಕೊಪ್ಪ_ರೇಡಿಯೋ · ಸೋಮವಾರ, ಬೆಳಿಗ್ಗೆ 8:25

ಸೂರ್ಯನ ಕಡೆಗೆ ಹೋಗುವವರಿಗೆಲ್ಲ ಅದೇ ಬೇಕು ಅಣ್ಣ. ಬುಧನೋ ಸೂರ್ಯನೋ ‘ಕೆಳಗೆ’ ಇದ್ದಾರೆ, ಸುಮ್ಮನೆ ಬಿದ್ದರೆ ಸಾಕು ಎಂದು ನಮಗೆ ಅನಿಸುತ್ತದೆ. ಆದರೆ ಭೂಮಿಯಿಂದ ಹೊರಟ ಯಾವುದೇ ನೌಕೆಯೂ ಭೂಮಿಯ ಸೆಕೆಂಡಿಗೆ 30 ಕಿ.ಮೀ. ಓಟವನ್ನು ಬೆನ್ನಿಗೆ ಕಟ್ಟಿಕೊಂಡೇ ಹೊರಡುತ್ತದೆ. ಆ ಓಟವನ್ನು ಕಳೆದುಕೊಳ್ಳದ ಹೊರತು ಸೂರ್ಯನತ್ತ ಬೀಳಲು ಸಾಧ್ಯವೇ ಇಲ್ಲ.

1973ರ ನವೆಂಬರಿನಲ್ಲಿ ಹೊರಟ ಮ್ಯಾರಿನರ್ 10, 1974ರ ಫೆಬ್ರವರಿ 5ರಂದು ಶುಕ್ರನ ಬಳಿ ಹಾದು ವೇಗ ತಗ್ಗಿಸಿಕೊಂಡು ಮಾರ್ಚ್ 29ರಂದು ಬುಧನನ್ನು ಮುಟ್ಟಿತು. ಒಂದು ಗ್ರಹದ ನೆರವಿನಿಂದ ಇನ್ನೊಂದು ಗ್ರಹವನ್ನು ತಲುಪಿದ ಮೊದಲ ನೌಕೆ ಅದು. ಇಟಲಿಯ ಗಣಿತಜ್ಞ ಜುಸೆಪ್ಪೆ ಕೊಲಂಬೊ, ಆ ಹಾಯುವಿಕೆಯ ನಂತರ ನೌಕೆಯ ಒಂದು ಸುತ್ತು ಸುಮಾರು 176 ದಿನಗಳದ್ದಾಗುತ್ತದೆ, ಬುಧನ ವರ್ಷ 88 ದಿನ, ಆದ್ದರಿಂದ ಬುಧ ಎರಡು ಸುತ್ತು ಮುಗಿಸುವ ಹೊತ್ತಿಗೆ ನೌಕೆ ಅದೇ ಜಾಗಕ್ಕೆ ಮರಳುವಂತೆ ಮಾಡಬಹುದು ಎಂದು ತೋರಿಸಿಕೊಟ್ಟ. ಒಮ್ಮೆ ಭೇಟಿಯಾಗಲು ಹೋದ ನೌಕೆ ಮೂರು ಬಾರಿ ಭೇಟಿಯಾಯಿತು. ಈಗ ಬುಧನತ್ತ ಹೊರಟಿರುವ ಬೆಪಿಕೊಲಂಬೊ ನೌಕೆಗೆ ಆತನದೇ ಹೆಸರು.

ಪಾರ್ಕರ್ ಸೌರನೌಕೆ ಇನ್ನೂ ಮುಂದೆ ಹೋಗಿದೆ. 2018ರ ಆಗಸ್ಟಿನಲ್ಲಿ ಹೊರಟು, 2024ರ ನವೆಂಬರಿನ ಹೊತ್ತಿಗೆ ಶುಕ್ರನನ್ನು ಏಳು ಬಾರಿ ಹಾದು, ಪ್ರತಿ ಬಾರಿಯೂ ಒಂದಿಷ್ಟು ಓಟವನ್ನು ಶುಕ್ರನಿಗೆ ಒಪ್ಪಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಸೂರ್ಯನ ಮೇಲ್ಮೈಯಿಂದ ಸುಮಾರು 61 ಲಕ್ಷ ಕಿ.ಮೀ. ದೂರಕ್ಕೆ ಇಳಿಯಿತು. ತಮಾಷೆಯೆಂದರೆ, ಹೀಗೆ ಶಕ್ತಿ ಕಳೆದುಕೊಳ್ಳುತ್ತಲೇ ಹೋದ ನೌಕೆ ಆ ದಿನ ಗಂಟೆಗೆ ಸುಮಾರು 6.9 ಲಕ್ಷ ಕಿ.ಮೀ. ಜವದಲ್ಲಿತ್ತು. ಮನುಷ್ಯ ನಿರ್ಮಿಸಿದ ಯಾವ ವಸ್ತುವೂ ಅದಕ್ಕೆ ಮೊದಲು ಅಷ್ಟು ವೇಗವಾಗಿ ಓಡಿರಲಿಲ್ಲ. ತೋಟಗಾರರ ಮಗಳ ಸೈಕಲ್ಲಿಗೆ ಇಷ್ಟು ಆಳದ ಗದ್ದೆ ಬಯಲು ಸಿಕ್ಕಿದ್ದರೆ ಹೀಗೆಯೇ ಆಗುತ್ತಿತ್ತು.

ವಿರಾಜಪೇಟೆ_ಗಣಿತಮೇಷ್ಟ್ರು · ಸೋಮವಾರ, ಬೆಳಿಗ್ಗೆ 9:40

ಮಗಳಿಗೆ ಒಂದು ಮನೆಗೆಲಸ. ನಾನು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು, ನೌಕೆಯನ್ನು ಗುರುವಿನ ಮುಂದಿನಿಂದ ಹಾಯಿಸಿ ನೋಡಮ್ಮ. ಋಣ 6 ಮತ್ತು 8 ಎಂಬ ಸಾಪೇಕ್ಷ ವೇಗವು ಈಗ ಇನ್ನೊಂದು ಕಡೆಗೆ 90 ಡಿಗ್ರಿ ತಿರುಗಬೇಕು. ಉತ್ತರ ಬಂದ ಮೇಲೆ ಚಿಹ್ನೆಗಳನ್ನು ಎರಡು ಸಲ ನೋಡು.

ತೋಟಗಾರರ_ಮಗಳು · ಸೋಮವಾರ, ಸಂಜೆ 5:55

ಸರ್, ಮಾಡಿದೆ. ಇನ್ನೊಂದು ಕಡೆಗೆ ತಿರುಗಿಸಿದರೆ ಋಣ 8 ಮತ್ತು ಋಣ 6 ಆಗುತ್ತದೆ. ಮೊದಲನೆಯದಕ್ಕೆ 13 ಕೂಡಿದರೆ 5 ಮತ್ತು ಋಣ 6. ಒಟ್ಟು ಜವ 61ರ ವರ್ಗಮೂಲ, ಅಂದರೆ 7.8. ಮೊದಲಿದ್ದ 10.6ಕ್ಕಿಂತ ಕಡಿಮೆಯಾಯಿತು. ಆದರೆ ಎರಡನೆಯ ಅಂಕಿ ಋಣವಾಗಿದೆ. ಹೊರಮುಖ ಧನವಾದರೆ ಋಣ ಎಂದರೆ ಒಳಮುಖ ತಾನೇ? ಗುರುವಿನಿಂದ ಆಚೆ ಹೋಗಬೇಕಾದ ನೌಕೆ ಸೂರ್ಯನ ಕಡೆಗೆ ವಾಪಸ್ ಬರುತ್ತಿದೆಯೇ, ಅಥವಾ ನಾನೇ ತಪ್ಪು ಮಾಡಿದ್ದೇನೆಯೇ?

ವಿರಾಜಪೇಟೆ_ಗಣಿತಮೇಷ್ಟ್ರು · ಸೋಮವಾರ, ರಾತ್ರಿ 9:30

ತಪ್ಪಿಲ್ಲ. ನಿನ್ನ ನೌಕೆ ವಾಪಸ್ ಬರುತ್ತಿದೆ. ಅದರ ಹೊಸ ಕಕ್ಷೆಯನ್ನು ನಾನು ಪೂರ್ತಿ ಲೆಕ್ಕ ಹಾಕಿದೆ, ರಾತ್ರಿಯ ಊಟ ತಡವಾಯಿತೆಂದು ಮನೆಯಲ್ಲಿ ಬೈಸಿಕೊಂಡೂ ಆಯಿತು. ಅದು ಸೂರ್ಯನಿಂದ ಸುಮಾರು 6.1 ಕೋಟಿ ಕಿ.ಮೀ. ದೂರದವರೆಗೆ ಇಳಿಯುತ್ತದೆ. ಸೂರ್ಯನಿಂದ ಬುಧನ ಸರಾಸರಿ ದೂರ 5.8 ಕೋಟಿ ಕಿ.ಮೀ.; ಅಂದರೆ ಬುಧನ ನೆರೆಮನೆಯ ತನಕ. ಪಾರ್ಕರ್ ನೌಕೆಯ ಹಳೆಯ ಯೋಜನೆಯೊಂದರಲ್ಲಿ ಸೂರ್ಯನ ಬಳಿಗೆ ಇಳಿಯಲು ಮೊದಲು ಗುರುವಿನವರೆಗೆ ಹೋಗಿಬರುವ ದಾರಿಯನ್ನೇ ಆರಿಸಿಕೊಂಡಿದ್ದರು. ಶುಕ್ರನ ದಾರಿ ಆಮೇಲೆ ಬಂದದ್ದು.

ತೋಟಗಾರರ_ಮಗಳು · ಸೋಮವಾರ, ರಾತ್ರಿ 9:41

ಗುರುವಿನಿಂದ ಅಲ್ಲಿಗೆ ಇಳಿಯಲು ಎಷ್ಟು ದಿನ ಬೇಕು ಸರ್?

ವಿರಾಜಪೇಟೆ_ಗಣಿತಮೇಷ್ಟ್ರು · ಸೋಮವಾರ, ರಾತ್ರಿ 10:05

ಸುಮಾರು 20 ತಿಂಗಳು. ಪೆಡಲ್ ತುಳಿಯದೆ.